ಮಾರಿಕುಪ್ಪಂನಲ್ಲಿ ಇಳಿಯುವುದು

ನನಗೆ ಯಾವುದೂ ಸುಲಭಕ್ಕೆ ಹಿಡಿಸುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಅಲ್ಲ. ಮೂವತ್ತೊಂದು ವರ್ಷ ಬೆಂಗಳೂರಿನ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೆ. ಬೇರೆಯವರು ಬೆವರು ಸುರಿಸಿ ಮಾಡಿದ ಕಬ್ಬಿಣದ ಬಿಡಿಭಾಗಗಳನ್ನು ಅಳೆದು, ತಿರುಗಿಸಿ ಮುರುಗಿಸಿ ನೋಡಿ, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಬಣ್ಣದ ಗೀಟೆಳೆದು ಪಕ್ಕಕ್ಕಿಡುವುದು ನನ್ನ ಕೆಲಸ. ಸರಿಯಾಗಿದ್ದದ್ದಕ್ಕೆ ಯಾವ ಬಣ್ಣವೂ ಇಲ್ಲ, ಒಂದು ಮಾತೂ ಇಲ್ಲ, ಸುಮ್ಮನೆ ಮುಂದಕ್ಕೆ ತಳ್ಳುವುದು. ನಿವೃತ್ತನಾದಾಗ ಬಣ್ಣದ ಡಬ್ಬಿ ಕಾರ್ಖಾನೆಯಲ್ಲೇ ಉಳಿಯಿತು, ಚಟ ಮಾತ್ರ ನನ್ನ ಜೊತೆ ಮನೆಗೆ ಬಂತು. ಹೊಸ ಅಡುಗೆ ಬಡಿಸಿ ನನ್ನ ಮುಖ ನೋಡುವ ಅಭ್ಯಾಸವನ್ನು ನನ್ನ ಹೆಂಡತಿ ಬಿಟ್ಟು ಬಹಳ ಕಾಲವಾಗಿದೆ.

ಇಂಥ ಮನುಷ್ಯನನ್ನು ಹುಡುಕಿಕೊಂಡು ಬಂದು, ಸಿನಿಮಾದಲ್ಲಿ ಪಾತ್ರ ಮಾಡಿ ಎಂದು ಕೇಳಿದವಳು ನಂದಿನಿ. ಬಂಗಾರಪೇಟೆಯ ನಮ್ಮ ಮನೆಗೆ ದಿನಾ ಹಾಲು ತಂದುಕೊಡುವ ಕೃಷ್ಣಪ್ಪನ ಮಗಳು. ಊರಾಚೆಯ ಹಳ್ಳಿಯಲ್ಲಿ ಅವರಿಗೆ ಸ್ವಲ್ಪ ಹೊಲ, ನಾಲ್ಕು ಸೀಮೆಹಸು. ಹುಡುಗಿ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಸಿನಿಮಾ ಮಾಡುವುದು ಹೇಗೆಂದು ಕಲಿಸುವ ಕಾಲೇಜಿನಲ್ಲಿ ಓದುತ್ತಾಳೆ. ಇಂಥದ್ದನ್ನು ಕಲಿಸುವ ಕಾಲೇಜೂ ಇದೆಯೆಂದು ಕೇಳಿದಾಗಲೇ ನಾನು ಮೂಗು ಮುರಿದಿದ್ದೆ. ನಮ್ಮ ಕಾಲದಲ್ಲಿ ಸಿನಿಮಾ ಮಾಡುವವರು ಓದು ಬಿಟ್ಟವರಾಗಿರುತ್ತಿದ್ದರು. ಈಗ ಓದಿ ಕೆಡುತ್ತಿದ್ದಾರೆ.

ಪರೀಕ್ಷೆಗಾಗಿ ಅವಳು ಹದಿನೈದು ನಿಮಿಷದ ಚಿತ್ರ ಮಾಡಬೇಕಿತ್ತು. ನಿಯಮವೊಂದಿತ್ತು: ಮೊದಲ ದಿನ ಆರಂಭದ ದೃಶ್ಯವೊಂದನ್ನೇ ತೆಗೆದು ಮೇಷ್ಟರಿಗೆ ತೋರಿಸಬೇಕು. ಅವರು ಒಪ್ಪಿದರೆ ಉಳಿದ ದಿನಗಳಿಗೆ ಕ್ಯಾಮೆರಾ ಕೊಡುತ್ತಾರೆ. ಒಪ್ಪದಿದ್ದರೆ ತನ್ನ ಕಥೆಯನ್ನು ಗಂಟು ಕಟ್ಟಿಟ್ಟು, ಬೇರೆ ಯಾರದೋ ಚಿತ್ರಕ್ಕೆ ಸಹಾಯಕಿಯಾಗಿ ಕೊಡೆ ಹಿಡಿಯಬೇಕು. ತಪಾಸಣೆಯ ಪದ್ಧತಿ ಎಂಬ ದೃಷ್ಟಿಯಿಂದ ಈ ನಿಯಮ ನನಗೆ ಮೆಚ್ಚಿಗೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಅವಳ ಕಣ್ಣಲ್ಲಿದ್ದ ಭಯ ಆಗ ನನ್ನ ಗಮನಕ್ಕೆ ಬರಲಿಲ್ಲ.

"ಆದ್ರೆ ನಾನೇ ಯಾಕಮ್ಮ?" ಎಂದು ಕೇಳಿದೆ. ಒಳಗೊಳಗೇ ಯಾವುದೋ ಹೊಗಳಿಕೆಗೆ ಕಾಯುತ್ತಿದ್ದೆನೆಂದು ಕಾಣುತ್ತದೆ.

"ನಿಮ್ ಮುಖ ಸಾರ್. ಏನ್ ತೋರಿಸಿದ್ರೂ ಇದು ಸರಿ ಇಲ್ಲ ಅನ್ನೋ ತರ ಇರುತ್ತೆ. ನಂಗೆ ಅದೇ ಬೇಕು," ಎಂದಳು.

ಅವಳ ದೃಶ್ಯ ಅರ್ಥವಾಗಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಬಂಗಾರಪೇಟೆಯಿಂದ ಒಂದು ಕವಲು ಹಳಿ ಕೆ.ಜಿ.ಎಫ್. ಕಡೆಗೆ ಹೋಗಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಹಳಿಯಿಲ್ಲ. ಬೆಳಿಗ್ಗೆ ಬೆಂಗಳೂರಿಗೆ ಹೋಗುವ ಗಾಡಿ ಅಲ್ಲಿಂದಲೇ ಹೊರಡುತ್ತದೆ. ಬಂಗಾರಪೇಟೆಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದ್ದರಿಂದ ಬುದ್ಧಿವಂತರು ಮಾಡುವುದೇನೆಂದರೆ, ಆ ಗಾಡಿ ಮಾರಿಕುಪ್ಪಂ ಕಡೆಗೆ ಖಾಲಿ ಹೋಗುವಾಗಲೇ ಬಂಗಾರಪೇಟೆಯಲ್ಲಿ ಹತ್ತಿ, ಒಳ್ಳೆಯ ಕಿಟಕಿ ಹಿಡಿದು ಕೂತುಬಿಡುವುದು. ಬೆಂಗಳೂರಿಗೆ ಹೋಗಬೇಕಾದವರು ಮೊದಲು ಬೆಂಗಳೂರಿಗೆ ಬೆನ್ನು ಹಾಕಿ ಹೊರಡುವುದು. ಮಾರಿಕುಪ್ಪಂನಲ್ಲಿ ಗಾಡಿ ಇಪ್ಪತ್ತು ನಿಮಿಷ ನಿಂತಾಗ ಯಾರೂ ಅಲುಗಾಡುವುದಿಲ್ಲ. ಕಣ್ಣು ಮುಚ್ಚಿ ಒಂದು ಕೋಳಿನಿದ್ದೆ ತೆಗೆಯುತ್ತಾರೆ. ಇದಕ್ಕೆ ನಮ್ಮಲ್ಲಿ ರಿಟರ್ನ್ ಸೀಟು ಎಂದು ಹೆಸರು. ಕಾರ್ಖಾನೆಗೆ ಹೋಗುತ್ತಿದ್ದಷ್ಟು ವರ್ಷವೂ ನಾನು ರಿಟರ್ನ್ ಸೀಟಿನವನು.

ಸೀಟಿನ ಹಕ್ಕಿಗೆ ಸಾಕ್ಷಿ ಕರ್ಚೀಫು. ಮೂತ್ರಕ್ಕೆಂದು ಎದ್ದು ಹೋಗುವಾಗ ಕರ್ಚೀಫು ಹಾಸಿದರೆ ಆ ಸೀಟು ನಿಮ್ಮದೇ. ಸಿಂಹಾಸನದ ಮೇಲೆ ಒಡೆಯನ ಪಾದುಕೆಯಿಟ್ಟು ರಾಜ್ಯ ನಡೆಸುವ ಕಲ್ಪನೆ ಹುಟ್ಟಿದ ದೇಶ ನಮ್ಮದು. ಕರ್ಚೀಫಿಗೆ ಮರ್ಯಾದೆ ಸಿಗುವುದರಲ್ಲಿ ಆಶ್ಚರ್ಯವಿಲ್ಲ. ಊಟದ ಡಬ್ಬಿಗೂ ಸ್ವಲ್ಪ ಬೆಲೆಯಿದೆ, ಆದರೆ ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಕೂತುಬಿಡುವ ಭಂಡರಿದ್ದಾರೆ. ದಿನಪತ್ರಿಕೆಯನ್ನಂತೂ ಓದಲು ಎತ್ತಿಕೊಂಡು, ಓದುತ್ತಾ ಕೂರುತ್ತಾರೆ. ಇನ್ನೊಬ್ಬನು ಮೂಗೊರೆಸಿರಬಹುದಾದ ಬಟ್ಟೆಯನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲವೆಂಬುದೇ ಈ ಕಾನೂನಿನ ತಳಪಾಯವಿರಬೇಕು. ಮೂವತ್ತೊಂದು ವರ್ಷದಲ್ಲಿ ನಾನು ಯಾರಿಗೂ ಸೀಟು ಬಿಟ್ಟುಕೊಟ್ಟವನಲ್ಲ.

ನಂದಿನಿಯ ದೃಶ್ಯ ಇಷ್ಟೇ. ಬೆಳಗಿನ ಗಾಡಿ ಮಾರಿಕುಪ್ಪಂಗೆ ಬಂದು ನಿಲ್ಲುತ್ತದೆ. ತುಂಬಿದ ಗಾಡಿ, ಆದರೆ ಒಬ್ಬರೂ ಇಳಿಯುವುದಿಲ್ಲ. ಕೊನೆಗೆ ಒಬ್ಬ ಮುದುಕ ಎದ್ದು ಇಳಿದು ನಿಲ್ಲುತ್ತಾನೆ. ಅಲ್ಲಿನ ಚಿನ್ನದ ಗಣಿ ಮುಚ್ಚಿದಾಗ ಊರು ಬಿಟ್ಟವನು ಈಗ ಮರಳಿ ಬಂದಿದ್ದಾನೆ.

"ನಮ್ ತಾತ ಅಲ್ಲೇ ಮೈಸೂರು ಮೈನ್ಸ್‌ನಾಗೆ ಕೆಲಸ ಮಾಡ್ತಿದ್ರು ಸಾರ್. ಅವಾಗ ಗಾಡಿ ತುಂಬ ಜನ ಬಂದು ಅಲ್ಲಿ ಇಳಿಯೋರಂತೆ. ಈಗ ಎಲ್ರೂ ಸೀಟಿಗೆ ಬತ್ತಾರೆ. ಊರಿಗೆ ಅಂತ ಬಂದೋನು ಅವನೊಬ್ನೇ," ಎಂದಳು.

ಇದೂ ಒಂದು ಕಥೆಯೇ ಎಂದುಕೊಂಡೆ. ಒಬ್ಬ ರೈಲಿನಿಂದ ಇಳಿಯುತ್ತಾನೆ! ಬಂಗಾರಪೇಟೆಯಲ್ಲಿ ದಿನಾ ಸಾವಿರಾರು ಜನ ಇಳಿಯುತ್ತಾರೆ, ಯಾರೂ ಸಿನಿಮಾ ತೆಗೆಯುವುದಿಲ್ಲ. ಆದರೂ ಒಪ್ಪಿಕೊಂಡೆ. ಇಳಿಯುವುದಕ್ಕೆ ಎಂಥ ನಟನೆ ಬೇಕು?

ಆ ದಿನ ಬೆಳಿಗ್ಗೆ ಬಂಗಾರಪೇಟೆ ನಿಲ್ದಾಣದಲ್ಲಿ ಕೃಷ್ಣಪ್ಪ ತೆಂಗಿನಕಾಯಿ, ಕರ್ಪೂರ ಹಿಡಿದು ನಿಂತಿದ್ದ. ಮಗಳು ಕ್ಯಾಮೆರಾದವನ ಜೊತೆ ಸ್ಕೂಟರಿನಲ್ಲಿ ಮುಂಚೆಯೇ ಮಾರಿಕುಪ್ಪಂಗೆ ಹೋಗಿದ್ದಳು.

"ಕ್ಯಾಮೆರಾಗೆ ಪೂಜೆ ಬ್ಯಾಡ ಅಂದ್ಬಿಟ್ಲು ಸಾ," ಎಂದು ಕೃಷ್ಣಪ್ಪ ಅಲವತ್ತುಕೊಂಡ. "ಮೊದ್ಲ ದಿನ ಅಂಗೇ ಬಿಡಕಾಯ್ತದಾ? ಅದ್ಕೇ ನಿಮ್ಗೇ ಮಾಡ್ಬಿಡ್ತೀನಿ, ವಸಿ ನಿಂತ್ಕಳಿ."

ಹೋಗಿ ಬರುವವರೆಲ್ಲ ನೋಡುತ್ತಿರುವಾಗ ಅವನು ನನಗೆ ಮೂರು ಸುತ್ತು ಕಾಯಿ ನಿವಾಳಿಸಿ, ಹಣೆಗೆ ಉದ್ದಕ್ಕೂ ಕುಂಕುಮ ಎಳೆದ. ಜೀವನವಿಡೀ ಕೆಂಪು ಗೀಟು ಎಳೆದವನಿಗೆ ಮೊದಲ ಸಲ ಕೆಂಪು ಗೀಟು ಬಿತ್ತು. ಅದರ ಅರ್ಥ ನನಗೆ ಆಗಲೇ ಹೊಳೆಯಬೇಕಿತ್ತು.

"ಇದಾಗ್ಲಿಲ್ಲ ಅಂದ್ರೆ ಉಡುಗಿ ಎದೆ ಒಡ್ಕಂಡ್ಬಿಡ್ತಾಳೆ ಸಾ. ಮೂರ್ ದಿನದಿಂದ ಸರ್ಯಾಗಿ ಉಂಡಿಲ್ಲ," ಎಂದ. ಆಯಿತಪ್ಪ ಎಂದು ಗಾಡಿ ಹತ್ತಿದೆ.

ಒಳಗೆ ನರಸಿಂಹಪ್ಪ ಸಿಕ್ಕಿದ. ನನ್ನ ಹಳೆಯ ಗಾಡಿ ಸ್ನೇಹಿತ, ಬೆಂಗಳೂರಿನ ಕಚೇರಿಯೊಂದರಲ್ಲಿ ಗುಮಾಸ್ತ, ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ. ಪಕ್ಕದ ಕಿಟಕಿಯನ್ನು ನನಗೇ ಬಿಟ್ಟುಕೊಟ್ಟು ಮಂಡಿನೋವಿನ ಕಥೆ ಶುರುಮಾಡಿದ. ನಂದಿನಿ ಹೇಳಿದ್ದು ನೆನಪಿತ್ತು: ಗಾಡಿ ನಿಂತ ಮೇಲೆ ಹತ್ತು ಎಣಿಸಿ, ಎದ್ದು, ಇಳಿದು, ನಿಂತು, ಎದುರಿಗೆ ನೋಡುವುದು. ಹಿಂದೆ ತಿರುಗಬಾರದು. ಅವಳು 'ಕಟ್' ಎನ್ನುವವರೆಗೆ ಕದಲಬಾರದು. ಇಷ್ಟನ್ನು ಒಂದು ಮೇಕೆಗೂ ಕಲಿಸಬಹುದಿತ್ತು.

ಗಾಡಿ ನಿಂತಿತು. ನರಸಿಂಹಪ್ಪ ಮಾತು ನಿಲ್ಲಿಸಿ ಕಣ್ಣು ಮುಚ್ಚಿದ. ನಾನೂ ಮುಚ್ಚಿದೆ. ಇದರಲ್ಲಿ ಯೋಚನೆಯ ಪ್ರಶ್ನೆಯೇ ಇರಲಿಲ್ಲ. ಮಾರಿಕುಪ್ಪಂ ಬಂದಾಗ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಜೇಬಿನಲ್ಲಿ ಫೋನು ಗುರುಗುಟ್ಟಿತು. ಯಾರದೋ ಫೋನು, ಎತ್ತಬಾರದೇ ಎಂದು ಬೈದುಕೊಂಡೆ. ಕಿಟಕಿಯ ಕಂಬಿಗೆ ಯಾರೋ ಬಡಿದರು.

"ಸಾರ್! ಇಳೀರಿ ಸಾರ್!"

"ಯಾಕೆ?" ಎಂದೆ.

ಇಂದಿಗೂ ಆ ಪ್ರಶ್ನೆ ನೆನಪಾದರೆ ಮೈ ಮುದುಡುತ್ತದೆ. ಪ್ಲಾಟ್‌ಫಾರಂ ಮೇಲೆ ಕೀರೆಸೊಪ್ಪಿನ ಕಟ್ಟು ಹೊತ್ತು ನಿಂತಿದ್ದ ಮುದುಕಿಯೊಬ್ಬಳು, "ಎನ್ನಾ ಸಾರ್, ಇರಂಗಲಿಯಾ? ಇಳ್ಯಾದಿಲ್ವಾ?" ಎಂದು ತಮಿಳು ಕನ್ನಡ ಎರಡರಲ್ಲೂ ಕೇಳಿ ನಕ್ಕಳು. ಕಂಬಿ ಬಡಿದ ನಂದಿನಿ ನಗಲಿಲ್ಲ. ಹಣೆಯ ಕುಂಕುಮ ನೋಡಿ ಅವಳು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ತನ್ನ ದುಪಟ್ಟಾದ ತುದಿಗೆ ನೀರು ಮುಟ್ಟಿಸಿ ತಾನೇ ಒರೆಸಿದಳು.

ಕ್ಯಾಮೆರಾ ಹಿಡಿದವನು ರೋಹಿತ್ ಎಂಬ ಬೆಂಗಳೂರಿನ ಹುಡುಗ, ಅವಳ ಸಹಪಾಠಿ. ಬುಡದಿಂದ ತುದಿಯವರೆಗೆ ಕಪ್ಪು ಬಟ್ಟೆ, ತಲೆಯ ಮೇಲೆ ಜುಟ್ಟು. ಕೆ.ಜಿ.ಎಫ್. ಎಂದರೆ ದೂಳು ಹಾರುತ್ತಿರಬೇಕೆಂದು ಯಾರೋ ಅವನ ತಲೆಗೆ ತುಂಬಿದ್ದರು. ದೂಳು ಸಿಗದಿದ್ದರೆ ಏನು ಗತಿಯೆಂದು ಬೆಂಗಳೂರಿನಿಂದಲೇ ಒಂದು ಚೀಲ ಜರಡಿ ಹಿಡಿದ ಮಣ್ಣು ತಂದಿದ್ದ. ಒಂದು ಶತಮಾನಕ್ಕೂ ಮಿಕ್ಕಿ ನೆಲ ಬಗೆದು, ಅರೆದು, ಗುಡ್ಡಗಟ್ಟಲೆ ಪುಡಿಮಣ್ಣು ಒಟ್ಟಿರುವ ಊರಿಗೆ ಮಣ್ಣು ಹೊತ್ತು ತಂದ ಮೊದಲ ಮನುಷ್ಯ ಅವನೇ ಇರಬೇಕು. ಇದನ್ನು ಅವನ ಮುಖಕ್ಕೇ ಹೇಳಿದೆ. ಮೊದಲ ಸಲ ಇಳಿಯಲು ಮರೆತವನಿಗೆ ಹೀಗೆಲ್ಲ ಮಾತಾಡುವ ಹಕ್ಕಿತ್ತೇ ಎಂದು ಈಗ ಅನ್ನಿಸುತ್ತದೆ.

ಎರಡನೆಯ ಸಲ ಎದ್ದೆ, ಬಾಗಿಲಿಗೆ ಬಂದೆ, ಇಳಿದೆ, ನಿಂತೆ. ಬಹಳ ಚೆನ್ನಾಗಿ ಮಾಡಿದೆನೆಂದುಕೊಂಡೆ. ರೋಹಿತ್ ಕಿಸಕ್ಕನೆ ನಕ್ಕು ಪುಟ್ಟ ಪರದೆಯನ್ನು ನನ್ನತ್ತ ತಿರುಗಿಸಿದ. ಕಿಟಕಿಯ ಕಂಬಿಗಳ ಹಿಂದೆ ನಾನು ಏಳುವುದು ಕಾಣುತ್ತಿತ್ತು; ಎದ್ದ ಕೂಡಲೇ ನನ್ನ ಕೈ ಜೇಬಿಗೆ ಹೋಗಿ, ಕರ್ಚೀಫು ತೆಗೆದು, ಕೊಡವಿ, ಸೀಟಿನ ಮೇಲೆ ನೀಟಾಗಿ ಹಾಸುವುದೂ ಕಾಣುತ್ತಿತ್ತು. ಆ ಕೈಗೆ ನಾನು ಹಾಗೆ ಹೇಳಿರಲೇ ಇಲ್ಲ.

"ಸಾರ್, ಅವನು ವಾಪಸ್ ಓಗಲ್ಲ ಸಾರ್. ಇಲ್ಲೇ ಇರಕ್ಕೆ ಬಂದವ್ನೆ. ಅವನಿಗೆ ಸೀಟು ಯಾಕೆ?" ಎಂದಳು ನಂದಿನಿ.

ಕರ್ಚೀಫನ್ನು ಜೇಬಿಗೆ ತುರುಕಿ ಮೂರನೆಯ ಸಲ ಇಳಿದೆ. ಅಷ್ಟರಲ್ಲಿ ಊರಿನ ಜನ ಗಾಡಿ ಹತ್ತತೊಡಗಿದ್ದರು. ನಿಂತು ಎದುರಿಗೆ ನೋಡುತ್ತಿದ್ದೇನೆ, ಬೆನ್ನ ಹಿಂದೆ ಬಳೆಯ ಸದ್ದಾಯಿತು. ನನ್ನ ಸೀಟಿನ ಹತ್ತಿರವೇ ಎಂದು ಮನಸ್ಸು ಹೇಳಿತು. ತಿರುಗಿ ನೋಡಿದರೆ ಹಸಿರು ಸೀರೆಯ ಹೆಂಗಸೊಬ್ಬಳು ಬಾಗಿ ಕೂರಲು ಹೊರಟಿದ್ದಾಳೆ. "ಅಮ್ಮಾ, ಆ ಸೀಟಿಗೆ ಜನ ಇದ್ದಾರೆ!" ಎಂದು ಪ್ಲಾಟ್‌ಫಾರಂನಿಂದಲೇ ಕೂಗಿದೆ. ಆಕೆ ಬೆಚ್ಚಿ ನೆಟ್ಟಗೆ ನಿಂತಳು. ಎಷ್ಟೋ ವರ್ಷದ ಮೇಲೆ ಹುಟ್ಟೂರಿಗೆ ಮರಳಿದ ಗಣಿ ಕಾರ್ಮಿಕನ ಮೊದಲ ಮಾತು ಅದಾಯಿತು.

ನಂದಿನಿ ನನ್ನ ಹತ್ತಿರ ಬಂದಳು. ಕೂಗಾಡುತ್ತಾಳೆಂದುಕೊಂಡೆ. ಕೂಗಾಡಿದ್ದರೆ ನಾನೂ ಕೂಗಾಡಿ ಮನೆಗೆ ಹೋಗಬಹುದಿತ್ತು. ಅವಳು ಮೆಲ್ಲಗೆ ಕೇಳಿದಳು:

"ಸಾರ್, ನೀವು ಯಾವತ್ತಾದ್ರೂ ಇಲ್ಲಿ ಇಳಿದಿದ್ದೀರಾ?"

ಎಷ್ಟು ಸಲ ಬಂದಿದ್ದೆ! ಬೆಳಿಗ್ಗೆ ಬೆಳಿಗ್ಗೆ ವರ್ಷಗಟ್ಟಲೆ ಬಂದಿದ್ದೆ. ಮಾರಿಕುಪ್ಪಂ ನನಗೆ ಗೊತ್ತು ಎಂದು ಯಾರ ಮುಂದಾದರೂ ಹೇಳುತ್ತಿದ್ದೆ. ಆದರೆ ಇಳಿದಿರಲಿಲ್ಲ. ನಿಲ್ದಾಣದ ಹೊರಗೆ ಅಂಗಡಿ ಇದೆಯೋ ಮನೆ ಇದೆಯೋ ನನಗೆ ತಿಳಿಯದು. ಅವಳ ತಾತ ಇಳಿಯುತ್ತಿದ್ದ ಜಾಗದಲ್ಲಿ ನಾನು ಕಣ್ಣು ಮುಚ್ಚುತ್ತಿದ್ದೆ. ಅವಳು ನನ್ನನ್ನು ಆರಿಸಿದ್ದು ನನ್ನ ಮುಖಕ್ಕೆ, ಸರಿ. ಆದರೆ ಈ ಮನುಷ್ಯನಿಗೆ ಈ ಜಾಗ ಗೊತ್ತು ಎಂಬ ನಂಬಿಕೆಯೂ ಇತ್ತೆಂದು ಅವಳ ಮುಖದಲ್ಲಿ ಕಂಡಿತು. ನನಗೆ ನಾಚಿಕೆಯಾಯಿತು. "ಇಲ್ಲಮ್ಮ," ಎಂದೆ.

"ಇನ್ನೊಂದೇ ಸಲ ಸಾರ್. ಮೂರ್ ನಿಮಿಷ ಐತೆ. ರೈಲ್ವೆ ಪರ್ಮಿಶನ್ ಇವತ್ತಿಗೇ ಮುಗೀತದೆ," ಎಂದು ಕ್ಯಾಮೆರಾದ ಹಿಂದಕ್ಕೆ ಹೋದಳು.

ನಾಚಿಕೆಯಾಯಿತೆಂದು ಹೇಳಿದೆನಲ್ಲ, ನಾಚಿಕೆಯಾದ ಮನುಷ್ಯ ಮುಂದೇನು ಮಾಡಿದನೆಂದೂ ಹೇಳಿಬಿಡುತ್ತೇನೆ. ಗಾಡಿಯೊಳಗೆ ಹೋಗಿ ಕೂತೆ. ಏಳುವ ಮುಂಚೆಯೇ, ಕ್ಯಾಮೆರಾಕ್ಕೆ ಕಾಣದಂತೆ ಮೈ ಅಡ್ಡಮಾಡಿ, ಕರ್ಚೀಫನ್ನು ಸೊಂಟದ ಕೆಳಗೆ ಹಾಸಿಕೊಂಡೆ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಇಳಿದು ನಿಲ್ಲುವುದು, ಅವಳು 'ಕಟ್' ಎನ್ನುವುದು, ಗಾಡಿ ಹೊರಡುವ ಮುಂಚೆ ಹತ್ತಿ ಬಂಗಾರಪೇಟೆಯವರೆಗೆ ಕೂತು ಹೋಗುವುದು. ಪಕ್ಕದಲ್ಲಿ ಹಸಿರು ಸೀರೆಯ ಹೆಂಗಸು ಒಂದು ಕೈಚೀಲ ಹಿಡಿದು ನಿಂತೇ ಇದ್ದಳು. ನಾನು ಆಕೆಯ ಮುಖ ನೋಡಲಿಲ್ಲ.

ಎದ್ದೆ. ಇಳಿದೆ. ನಿಂತೆ. ಎದುರಿಗೆ ನಂದಿನಿ, ರೋಹಿತ್, ಅವರ ಹಿಂದೆ ಎಲ್ಲೋ ದೂರದಲ್ಲಿ ಬೂದುಬಣ್ಣದ ಮಣ್ಣಿನ ಗುಡ್ಡ. ಗಾಡಿ ಕೂಗಿತು. ಅವಳು 'ಕಟ್' ಎನ್ನಲಿಲ್ಲ. ಬೆನ್ನ ಹಿಂದೆ ಗಾಡಿ ಒಂದು ಸಲ ಜಗ್ಗಿ ಚಲಿಸತೊಡಗಿತು. ಇನ್ನೂ ಅವಳು 'ಕಟ್' ಎನ್ನಲಿಲ್ಲ. ಓಡಿದ್ದರೆ ಹತ್ತಬಹುದಿತ್ತು, ಅರವತ್ತು ದಾಟಿದ್ದರೂ ಚಲಿಸುವ ಗಾಡಿ ಹತ್ತುವ ವಿದ್ಯೆ ಇನ್ನೂ ಕಾಲಲ್ಲಿದೆ. ನಂದಿನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಾನು ಓಡುತ್ತೇನೆಂದು ಅವಳಿಗೂ ಗೊತ್ತಿತ್ತು, ಕಾಯುತ್ತಿದ್ದಳು.

ಓಡಲಿಲ್ಲ. ಗಾಡಿಯ ಸದ್ದು ದೂರವಾಯಿತು. ಆಮೇಲೆ ಆ ಊರಿನ ಸದ್ದುಗಳು ಒಂದೊಂದಾಗಿ ಕೇಳಿದವು: ಎಲ್ಲೋ ಒಂದು ಕೋಳಿ, ಎಲ್ಲೋ ಆಟೋ ಶುರುಮಾಡುತ್ತಿರುವವನು, ಕೊಳಾಯಿಯ ಹತ್ತಿರ ಬಿಂದಿಗೆ. ಅಷ್ಟು ವರ್ಷ ಬಂದರೂ ಇವು ನನಗೆ ಕೇಳಿಸಿರಲಿಲ್ಲ. ಮುಂದೇನು ಮಾಡಬೇಕೆಂದು ತಿಳಿಯದೆ ಸುಮ್ಮನೆ ನಿಂತಿದ್ದೆ. ತುಂಬಾ ಹೊತ್ತಾದ ಮೇಲೆ ಅವಳು 'ಕಟ್' ಎಂದಳು. ನಾನು ಅವಳ ಮುಖ ನೋಡಿದೆ. ಹೊಸ ಅಡುಗೆ ಬಡಿಸಿ ಹೆಂಡತಿ ನೋಡುತ್ತಿದ್ದ ಹಾಗೆ ನೋಡಿದೆನೆಂದು ನನಗೇ ಗೊತ್ತಾಯಿತು. ಅವಳು ಕ್ಯಾಮೆರಾದ ಮೇಲೆ ಬಾಗಿದಳು. ಸರಿಯಾಗಿದ್ದದ್ದಕ್ಕೆ ಒಂದು ಮಾತೂ ಇಲ್ಲ.

ಕರ್ಚೀಫು ಒಂಟಿಯಾಗಿ ಬೆಂಗಳೂರಿಗೆ ಹೋಯಿತು. ಸಂಜೆ ನರಸಿಂಹಪ್ಪ ಅದನ್ನು ಮಡಿಸಿ ಮನೆಗೆ ತಂದುಕೊಟ್ಟ.

"ಎಲ್ಲೋದ್ರಿ ಸಾರ್ ನೀವು? ಇನ್ನೊಂದ್ ಬೋಗಿ ಅತ್ತಿರ್ಬೌದು, ಬತ್ತೀರ ಅಂತ ನೋಡ್ದೆ ನೋಡ್ದೆ. ಬಂಗಾರಪೇಟೆ ದಾಟದ್ಮ್ಯಾಕೆ ಆವಮ್ಮನ್ಗೆ ನಾನೇ ಏಳ್ದೆ, ಇನ್ನು ಬರಾಕಿಲ್ಲ, ನೀವು ಕೂತ್ಕಳಮ್ಮ ಅಂತ. 'ಬ್ಯಾಡಣ್ಣ, ಕರ್ಚೀಫ್ ಐತಲ್ಲ. ಪಾಪ ವಯಸ್ಸಾದೋರು, ಎಲ್ಲೋ ನಿಂತಿರ್ತಾರೆ, ಬತ್ತಾರೆ' ಅಂದ್ಬುಟ್ಲು. ಬೆಂಗ್ಳೂರ್ ತಂಕ ನಿಂತ್ಕಂಡೇ ಬಂದ್ಲು ಸಾರ್."

ನಾನು ಕರ್ಚೀಫು ಇಸಿದುಕೊಂಡೆ. ಅವನಿಗೆ ಕಾಫಿ ಕೊಡು ಎಂದು ಒಳಗೆ ಹೇಳಿದೆ.

ದೃಶ್ಯ ಪಾಸಾಯಿತು. ಚಿತ್ರವೂ ಮುಗಿಯಿತು. ಕಾಲೇಜಿನಲ್ಲಿ ತೋರಿಸುವ ದಿನ ನನ್ನನ್ನೂ ಕರೆದಿದ್ದರು. ಕೃಷ್ಣಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಪಕ್ಕ ಕೂತಿದ್ದ. ಪರದೆಯ ಮೇಲೆ ನಾನು ಇಳಿದು ನಿಂತೆ. ನನ್ನ ಬೆನ್ನ ಹಿಂದೆ ಗಾಡಿ ಹೊರಟಿತು. ಒಂದೊಂದೇ ಕಿಟಕಿ ಸರಿಯುತ್ತಿದೆ, ಕಿಟಕಿ ತುಂಬ ತಲೆಗಳು, ಎಲ್ಲ ಕಣ್ಣು ಮುಚ್ಚಿದವು. ನಡುವೆ ಒಂದೇ ಒಂದು ಕಿಟಕಿ ಖಾಲಿ. ಅದರ ಪಕ್ಕದಲ್ಲಿ ಹಸಿರು ಸೀರೆಯ ಹೆಂಗಸು ಕಂಬಿ ಹಿಡಿದು ನಿಂತಿದ್ದಾಳೆ. ಕೂರದೆ.

ದೀಪ ಹಾಕಿದ ಮೇಲೆ ಗಡ್ಡದ ಮೇಷ್ಟರು ಎದ್ದು ಆ ಖಾಲಿ ಕಿಟಕಿಯ ಬಗ್ಗೆಯೇ ಮಾತಾಡಿದರು. ಅದು ಗಣಿಯ ಶೂನ್ಯವಂತೆ. ನಿಂತ ಹೆಂಗಸು ಕಾಯುತ್ತಿರುವ ಇತಿಹಾಸವಂತೆ. ಹುಡುಗರು ತಲೆದೂಗಿ ಬರೆದುಕೊಂಡರು. ಬೇರೆ ದಿನವಾಗಿದ್ದರೆ ಅಲ್ಲೇ ಎದ್ದುನಿಂತು, ಸ್ವಾಮಿ, ಅದು ಇತಿಹಾಸವಲ್ಲ, ಒಬ್ಬ ಸ್ವಾರ್ಥಿ ಮುದುಕನ ಮೂಗೊರೆಸುವ ಬಟ್ಟೆ ಎಂದು ಅವರ ಮಾತಿಗೆ ಉದ್ದಕ್ಕೂ ಕೆಂಪು ಬಳಿಯುತ್ತಿದ್ದೆ. ಬಾಯಿಗೂ ಬಂದಿತ್ತು. ಮುಂದಿನ ಸಾಲಿನಲ್ಲಿ ನಂದಿನಿ ಅಳುತ್ತಾ ನಗುತ್ತಿದ್ದಳು. ಅವಳಪ್ಪ ಒಂದೂ ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟುತ್ತಿದ್ದ. ಜೀವಮಾನದಲ್ಲಿ ಮೊದಲ ಬಾರಿಗೆ, ದೋಷ ಕಣ್ಣೆದುರೇ ಇದ್ದರೂ, ಸುಮ್ಮನೆ ಮುಂದಕ್ಕೆ ತಳ್ಳಿದೆ.

ಈಗಲೂ ಆಗೊಮ್ಮೆ ಈಗೊಮ್ಮೆ ಬೆಂಗಳೂರಿಗೆ ಹೋಗುವುದಿರುತ್ತದೆ. ಅಭ್ಯಾಸ ಬಿಡದು, ಮಾರಿಕುಪ್ಪಂ ಕಡೆಗೇ ಮೊದಲು ಹತ್ತುತ್ತೇನೆ. ಆದರೆ ಅಲ್ಲಿ ಇಳಿಯುತ್ತೇನೆ. ಕರ್ಚೀಫು ಜೇಬಿನಲ್ಲೇ ಇರುತ್ತದೆ. ಹೊರಗೆ ಹೋಗಿ ಒಂದು ಟೀ ಕುಡಿದು, ಹಸಿರು ಸೀರೆಯವಳು ಯಾರಾದರೂ ಬರುತ್ತಾಳೋ ಎಂದು ನೋಡುತ್ತೇನೆ. ಆಕೆಗೆ ದಿನಾ ಅದೇ ಸೀರೆ ಇರುತ್ತದೆಯೇ, ಮುಖವನ್ನಂತೂ ನಾನು ಸರಿಯಾಗಿ ನೋಡಿಯೇ ಇಲ್ಲ. ವಾಪಸು ಬರುವಷ್ಟರಲ್ಲಿ ನನ್ನ ಸೀಟಿನಲ್ಲಿ ಯಾರೋ ಕೂತಿರುತ್ತಾರೆ. ಬೆಂಗಳೂರಿನವರೆಗೆ ನಿಂತು ಹೋಗುತ್ತೇನೆ. ಕಾಲು ಬಹಳ ನೋಯುತ್ತದೆ. ಅಲ್ಲಿಯ ಟೀ ಕೂಡ ಚೆನ್ನಾಗಿರುವುದಿಲ್ಲ.